ಮನೋವ್ಯಥೆಯೂ ತಾಲೂಕಿನ ಆಸ್ಪತ್ರೆಯೂ

ಹರಿಹರಕ್ಕೆ ಹೊಂದಿಕೊಂಡು ತುಂಗಭದ್ರೆಯ ದಂಡೆಯಲ್ಲಿರುವ ಗುತ್ತೂರಿನಲ್ಲಿ ಒಬ್ಬನ ಕಾಲು ಮುರಿದರೆ ಮಾಡತಕ್ಕದ್ದೇನೆಂಬುದು ಮನೆಯವರೆಲ್ಲರಿಗೂ ಗೊತ್ತು. ಹರಿಹರದ ಆಸ್ಪತ್ರೆಗೆ ಒಯ್ಯುವರು. ಅಲ್ಲಿ ಆಗದಿದ್ದರೆ ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೆ. ಅದೇ ಮನುಷ್ಯನು ತಿಂಗಳುಗಟ್ಟಲೆ ನಿದ್ರೆಯಿಲ್ಲದೆ, ಊಟ ಸೇರದೆ, ಜನರ ಮುಖ ನೋಡಲೊಲ್ಲದೆ ಮೂಲೆ ಹಿಡಿದರೆ ಮಾಡತಕ್ಕದ್ದೇನು? ಒಬ್ಬರು ಗಾಳಿ ಸೋಕಿತೆನ್ನುವರು, ಒಬ್ಬರು ಮೈಗಳ್ಳತನವೆನ್ನುವರು, ಮತ್ತೊಬ್ಬರು ಮದುವೆ ಮಾಡಿದರೆ ಸರಿಹೋದೀತೆನ್ನುವರು. ಇದೂ ಚಿಕಿತ್ಸೆಗೆ ಒಳಪಡತಕ್ಕ ವ್ಯಥೆಯೆಂದು ಹೇಳುವವರು ವಿರಳ.

ಈ ಪ್ರಾಂತದಲ್ಲಿ ವ್ಯಥೆಗೆ ಕಾರಣಗಳು ಕಡಿಮೆಯಿಲ್ಲ. 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಹರಿಹರಕ್ಕೆ ಅನ್ನವನ್ನೂ ಹೆಸರನ್ನೂ ಕೊಟ್ಟಿತು. ಈ ಶತಮಾನದ ಮೊದಲ ವರ್ಷಗಳಲ್ಲಿ ಅದು ಮುಚ್ಚಿತು. ದಾವಣಗೆರೆಗೆ ಕೀರ್ತಿ ತಂದ ಹತ್ತಿ ಗಿರಣಿಗಳೂ ನಿಂತವು. ಕೆಲಸ ಹೋದವನಿಗೆ ಬರಬೇಕಾದ ಬಾಕಿಯನ್ನು ಲೆಕ್ಕ ಹಾಕುವವರುಂಟು. ಅವನು ಕಳೆದುಕೊಂಡ ನಿದ್ರೆಯ ಲೆಕ್ಕವನ್ನು ಇಟ್ಟವರಾರು? ಮಳೆ ನಂಬಿ ಕೆಟ್ಟ ರೈತನ, ಪರೀಕ್ಷೆಯಲ್ಲಿ ಸೋತ ಹುಡುಗನ, ಬಾಣಂತಿತನದಲ್ಲಿ ಕಾರಣವಿಲ್ಲದೆ ಅಳುವ ತಾಯಿಯ ಸ್ಥಿತಿಯೂ ಹೀಗೆಯೇ. 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು ಬೇರೆ ಬೇರೆ ಮನೋವ್ಯಾಧಿಗಳುಳ್ಳವರಲ್ಲಿ ಶೇಕಡಾ 70ರಿಂದ 92ರಷ್ಟು ಜನರಿಗೆ ಚಿಕಿತ್ಸೆಯೇ ದೊರೆಯುತ್ತಿಲ್ಲವೆಂದು ತಿಳಿಸಿತು.

ಇಂಥವರಿಗೆ ಔಷಧವಲ್ಲದೆ ಮತ್ತೊಂದು ಉಪಾಯವುಂಟು. ತರಬೇತಿ ಹೊಂದಿದ ಒಬ್ಬ ಆಪ್ತಸಮಾಲೋಚಕರು ವ್ಯಥಿತನೊಬ್ಬನೊಡನೆ ಏಕಾಂತದಲ್ಲಿ, ವಾರಕ್ಕೊಮ್ಮೆ ಮುಕ್ಕಾಲು ಗಂಟೆಯಷ್ಟು ಕಾಲ, ಕೆಲವು ವಾರಗಳವರೆಗೆ ಕುಳಿತು ಮಾತನಾಡುವ ಕ್ರಮವದು. “ಬುದ್ಧಿ ಹೇಳಲು ಊರಲ್ಲಿ ಹಿರಿಯರಿಲ್ಲವೇ?” ಎಂದು ನಮ್ಮ ವಾಚಕರಲ್ಲಿ ಕೆಲವರು ಕೇಳಬಹುದು. ಹಿರಿಯರಿರುವರು, ಅವರ ವಾತ್ಸಲ್ಯಕ್ಕೆ ನಾವು ಬೆಲೆ ಕಟ್ಟಲಾರೆವು. ಆದರೆ ಹಿರಿಯರು ಹೇಳುವರು, ಸಮಾಲೋಚಕರು ಕೇಳುವರು. ಹಿರಿಯರ ಮುಂದೆ ಆಡಲಾಗದ ಮಾತು, ಅನೇಕ ವೇಳೆ ಹಿರಿಯರ ಮೇಲಿನದೇ ಆದ ಮಾತು, ಅಲ್ಲಿ ಹೊರಬೀಳುವುದು. “ನಾನು ಕೆಲಸಕ್ಕೆ ಬಾರದವನು” ಎಂಬ ಒಂದೇ ಎಣಿಕೆಯು ಮನಸ್ಸನ್ನು ಹೇಗೆ ಕಟ್ಟಿಹಾಕಿದೆಯೆಂಬುದನ್ನು ಇಬ್ಬರೂ ಕೂಡಿ ಶೋಧಿಸುವರು. ಅದು ನಿಜವೇ ಎಂದು ಒರೆಗೆ ಹಚ್ಚುವರು. ಬಿಟ್ಟುಹೋದ ಸಣ್ಣ ಕೆಲಸಗಳನ್ನು ಒಂದೊಂದಾಗಿ ಮತ್ತೆ ಹಿಡಿಯುವ ಕ್ರಮವನ್ನು ಗೊತ್ತುಮಾಡುವರು. ಕೇಳಿದ್ದು ಬೀದಿಗೆ ಹೋಗದೆಂಬ ಭರವಸೆಯೇ ಇದರ ಬುನಾದಿ.

ಇದು ಕೇವಲ ಸಮಾಧಾನದ ಮಾತಲ್ಲ. ಗೋವೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆಯುಳ್ಳ 493 ಜನರ ಮೇಲೆ ನಡೆದ ಪರೀಕ್ಷೆಯ ಫಲವು 2017ರಲ್ಲಿ ಪ್ರಕಟವಾಯಿತು. ಅಲ್ಲಿ ಸಮಾಲೋಚನೆ ನಡೆಸಿದವರು ವೈದ್ಯರಲ್ಲ; ತರಬೇತಿ ಪಡೆದ ಸಾಮಾನ್ಯ ಜನರು. ಆರೆಂಟು ಭೇಟಿಗಳ ಸಮಾಲೋಚನೆಗೆ ಸೇರಿದವರಲ್ಲಿ ಮೂರು ತಿಂಗಳಾದ ಮೇಲೆ ಶೇಕಡಾ 64 ಜನರ ಖಿನ್ನತೆ ಇಳಿದಿತ್ತು. ವಾಡಿಕೆಯ ಆರೈಕೆ ಮಾತ್ರ ಪಡೆದವರಲ್ಲಿ ಶೇಕಡಾ 39. ಎಲ್ಲ ವ್ಯಾಧಿಯೂ ಮಾತಿನಿಂದಲೇ ವಾಸಿಯಾಗುವುದೆಂದು ನಾವು ಹೇಳುವುದಿಲ್ಲ. ಬುದ್ಧಿಭ್ರಮಣೆಯಂಥ ಕಠಿನ ರೋಗಗಳಿಗೆ ಔಷಧವು ಅವಶ್ಯ. ಸಮಾಲೋಚನೆಯು ಅದಕ್ಕೆ ಜೊತೆಗಾರ. ಬಡತನವನ್ನಾಗಲಿ ಸಾಲವನ್ನಾಗಲಿ ಅದು ನೀಗಿಸದು. ಅವುಗಳನ್ನು ಎದುರಿಸುವ ಚೈತನ್ಯವನ್ನು ಮಾತ್ರ ಮರಳಿ ಕೊಡಬಲ್ಲದು.

ಈ ವಿಷಯದಲ್ಲಿ ಕರ್ನಾಟಕವು ಹಿಂದುಳಿದ ನಾಡಲ್ಲ. ಬೆಂಗಳೂರಿನ ನಿಮ್ಹಾನ್ಸ್ ದೇಶಕ್ಕೇ ಗುರುಸ್ಥಾನದಲ್ಲಿದೆ. ಆ ಸಂಸ್ಥೆಯು 1980ರ ದಶಕದಲ್ಲಿ ಬಳ್ಳಾರಿಯಲ್ಲಿ ಪ್ರಯೋಗಿಸಿದ ಪದ್ಧತಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಮನೋವೈದ್ಯರು ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಿಗೆ ಬರುವ ‘ಮನೋಚೈತನ್ಯ’ ಯೋಜನೆಯನ್ನು ರಾಜ್ಯ ಸರಕಾರವು 2014ರಲ್ಲಿ ಆರಂಭಿಸಿತು. 2017ರ ಮಾನಸಿಕ ಆರೋಗ್ಯ ಕಾಯಿದೆಯು ಚಿಕಿತ್ಸೆಯನ್ನೂ ಗೋಪ್ಯತೆಯನ್ನೂ ಹಕ್ಕನ್ನಾಗಿ ಮಾಡಿದೆ. 2022ರಿಂದ ‘ಟೆಲಿ ಮಾನಸ್’ ದೂರವಾಣಿಯ 14416 ಸಂಖ್ಯೆಗೆ ಯಾರೂ ಹಣ ಕೊಡದೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಬದುಕೇ ಬೇಡವೆನಿಸಿದವರು ಹಗಲಿರುಳೆನ್ನದೆ ಈ ಸಂಖ್ಯೆಯನ್ನು ನೆನೆಯತಕ್ಕದ್ದು.

ಕಾಯಿದೆಯುಂಟು, ಯೋಜನೆಯುಂಟು. ಆದರೆ ಸಾಲುಗಟ್ಟಿ ನಿಂತ ರೋಗಿಗಳ ಎದುರಿನಲ್ಲಿ, ತೆರೆದ ಬಾಗಿಲ ಮುಂದೆ, ಎರಡು ನಿಮಿಷದಲ್ಲಿ ಯಾರು ತಾನೆ ತನ್ನ ಎದೆಯನ್ನು ಬಿಚ್ಚಿ ತೋರಿಯಾನು? ಆದಕಾರಣ ನಾವು ಅಧಿಕಾರಿಗಳಲ್ಲಿ ಕೇಳುವುದು ಹೆಚ್ಚಿನದಲ್ಲ. ಪ್ರತಿಯೊಂದು ತಾಲೂಕು ಆಸ್ಪತ್ರೆಯಲ್ಲಿಯೂ ಬಾಗಿಲು ಮುಚ್ಚಬಹುದಾದ ಒಂದು ಕೋಣೆ, ಈ ಸೀಮೆಯ ಕನ್ನಡ ಬಲ್ಲ ತರಬೇತಾದ ಒಬ್ಬ ಸಮಾಲೋಚಕರು, ಒಬ್ಬೊಬ್ಬನಿಗೂ ಮುಕ್ಕಾಲು ಗಂಟೆಯ ಕಾಲ: ಇಷ್ಟು ಸದಾ ಇರತಕ್ಕದ್ದು. ಪೌರರಲ್ಲಿ ನಮ್ಮ ಬಿನ್ನಹವು ಇನ್ನೂ ಸಣ್ಣದು. ಆ ಕೋಣೆಯಿಂದ ಹೊರಬಂದವನನ್ನು ಕಾಲು ಕಟ್ಟಿಸಿಕೊಂಡು ಬಂದವನಂತೆಯೇ ಕಾಣಿರಿ, “ಈಗ ಹೇಗಿದ್ದೀರಿ?” ಎಂದು ಕೇಳಿರಿ. ಜನರು ಏನೆಂದಾರೋ ಎಂಬ ಅಂಜಿಕೆಯು ತೊಲಗದಿದ್ದರೆ ಕೋಣೆಯಿದ್ದೂ ಅದರ ಬಾಗಿಲು ತಟ್ಟುವವರಿಲ್ಲದಂತಾದೀತು.