ಹೆಸರಿಲ್ಲದ ಕಾಯಿಲೆಗೂ ಒಂದು ಚೀಟಿ ಬೇಕು

ಹಾವೇರಿ ಜಿಲ್ಲೆಯ ರಟ್ಟೀಹಳ್ಳಿ ಸುತ್ತಿನ ಬಿತ್ತನೆ ಬೀಜದ ಹೊಲಗಳಲ್ಲಿ ‘ಕ್ರಾಸಿಂಗ್’ ಕೆಲಸವೆಲ್ಲ ಬೆರಳುಗಳದ್ದು. ಮೊಗ್ಗು ಬಿಡಿಸಿ ಗಂಡು ಕೇಸರ ತೆಗೆಯಬೇಕು, ಮರುದಿನ ಪರಾಗ ಸವರಬೇಕು. ಇಪ್ಪತ್ತರ ಹುಡುಗನೊಬ್ಬನ ಬಲಗೈ ಬೆರಳುಗಳು ಚಳಿಗೆ ಸೋತು ಹೇಳಿದ ಮಾತು ಕೇಳದಾದರೆ ಹೊಲದ ಯಜಮಾನನಿಗೆ ಅಂದೇ ತಿಳಿಯುತ್ತದೆ. ಆಸ್ಪತ್ರೆಗೆ ತಿಳಿಯಲು ವರ್ಷಗಳೇ ಹಿಡಿಯಬಹುದು.

ಮೊದಲು ಸಿಗುವ ಉತ್ತರ ‘ನರ ವೀಕ್ ಆಗ್ಯಾವ’. ಜೊತೆಗೊಂದು ಬಿ12 ಸೂಜಿ. ಬಿ12 ಕೊರತೆಯಿಂದಲೂ ಕೈಕಾಲು ಜೋಮು ಹಿಡಿಯುತ್ತದೆ ನಿಜ. ಆದರೆ ರಕ್ತ ಪರೀಕ್ಷೆಗೆ ಮೊದಲೇ ಸೂಜಿ ಹಾಕಿದರೆ ಕೊರತೆ ಇತ್ತೋ ಇಲ್ಲವೋ ಎಂಬ ಸಾಕ್ಷ್ಯವೇ ಅಳಿಸಿಹೋಗುತ್ತದೆ. ಆಮೇಲೆ ರಾಣೆಬೆನ್ನೂರು, ದಾವಣಗೆರೆ ಇಲ್ಲವೇ ಹುಬ್ಬಳ್ಳಿ, ಧಾರವಾಡದ ಡಿಮ್ಹಾನ್ಸ್, ಕೊನೆಗೆ ಬೆಂಗಳೂರಿನ ನಿಮ್ಹಾನ್ಸ್. ದಾರಿಯುದ್ದಕ್ಕೂ ಕೇಳಿಬರುವ ಮಾತು ಒಂದೇ: ‘ರಿಪೋರ್ಟ್ ನಾರ್ಮಲ್ ಐತಿ.’

ನಾರ್ಮಲ್ ಎಂದರೆ ‘ಏನೂ ಇಲ್ಲ’ ಎಂದು ಓದಿಕೊಳ್ಳುವುದೇ ಇಲ್ಲಿನ ದೊಡ್ಡ ಎಡವಟ್ಟು. ನಮ್ಮ ರಾಜ್ಯದಲ್ಲೇ ಇದಕ್ಕೆ ಎರಡು ನಿದರ್ಶನಗಳಿವೆ. ಜಪಾನಿನ ನರವೈದ್ಯ ಹಿರಾಯಾಮ 1959ರಲ್ಲಿ ವಿವರಿಸಿದ ಕಾಯಿಲೆಯಲ್ಲಿ ಹೆಚ್ಚಾಗಿ ಯುವಕರ ಒಂದು ಕೈ ಬತ್ತುತ್ತದೆ, ಚಳಿಯಲ್ಲಿ ಬೆರಳು ಇನ್ನಷ್ಟು ಸೋಲುತ್ತದೆ. ಒಂದೇ ಅಂಗ ಸವೆಯುವ ಇಂಥ 23 ರೋಗಿಗಳ ವರದಿಯನ್ನು ನಿಮ್ಹಾನ್ಸ್‌ನ ಎಂ. ಗೌರಿದೇವಿ ಮತ್ತು ಸಹೋದ್ಯೋಗಿಗಳು 1984ರಲ್ಲಿ ಪ್ರಕಟಿಸಿದರು. ಕುತ್ತಿಗೆ ನೆಟ್ಟಗಿಟ್ಟು ತೆಗೆದ ಎಂಆರ್‌ಐನಲ್ಲಿ ಹಿರಾಯಾಮ ಕಾಯಿಲೆ ಕಾಣದೆ ಹೋಗಬಹುದು. ಕುತ್ತಿಗೆ ಬಾಗಿಸಿ ತೆಗೆದರೆ ಬೆನ್ನುಹುರಿ ಒತ್ತಿಕೊಳ್ಳುವುದು ಕಾಣುತ್ತದೆ. ಬೇಗ ಗೊತ್ತಾದರೆ ಕೊರಳಪಟ್ಟಿಯೇ ಕೆಲವರಲ್ಲಿ ಅದನ್ನು ತಡೆದು ನಿಲ್ಲಿಸೀತು. ಹಾಗಾಗಿ ಆ ‘ನಾರ್ಮಲ್’ ತಪ್ಪು ಭಂಗಿಯಲ್ಲಿ ಕೇಳಿದ ಪ್ರಶ್ನೆಗೆ ಸಿಕ್ಕ ಸರಿ ಉತ್ತರ.

ಇನ್ನೊಂದು, ತಲೆಗೆ ಬಿಸಿನೀರು ಎರೆದುಕೊಳ್ಳುವಾಗ ಬರುವ ಫಿಟ್ಸ್. ನಿಮ್ಹಾನ್ಸ್‌ನ ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 1988ರಲ್ಲಿ ಇಂಥ 279 ಪ್ರಕರಣಗಳನ್ನು ದಾಖಲಿಸಿದರು. ಬಹುಪಾಲು ಜನರಲ್ಲಿ ಫಿಟ್ಸ್ ಇಲ್ಲದ ಹೊತ್ತಿನ ಮೆದುಳಿನ ಇಇಜಿ ಪರೀಕ್ಷೆ ಸಹಜವಾಗಿಯೇ ಇರುತ್ತದೆ. ಗುಟ್ಟು ಬಿಡಿಸಿದ್ದು ಯಂತ್ರವಲ್ಲ, ‘ಯಾವಾಗ ಬರುತ್ತೆ’ ಎಂಬ ಪ್ರಶ್ನೆ.

ಕೆಲವು ಲಕ್ಷಣಗಳಿಗೆ ರಚನಾತ್ಮಕ ಕಾಯಿಲೆಯೇ ಸಿಗುವುದಿಲ್ಲ ಎಂಬುದೂ ಸತ್ಯ. ಸ್ಕಾಟ್ಲೆಂಡಿನ ನರರೋಗ ಹೊರರೋಗಿ ವಿಭಾಗಗಳ ಅಧ್ಯಯನದಲ್ಲಿ (2009) ಹತ್ತರಲ್ಲಿ ಮೂರು ಪಾಲು ಹೊಸ ರೋಗಿಗಳ ಲಕ್ಷಣಗಳು ಕಾಯಿಲೆಯಿಂದ ಪೂರ್ತಿ ವಿವರಣೆಗೆ ಸಿಗಲಿಲ್ಲ. ಅಂಥ 1,030 ಮಂದಿಯ ಸ್ಥಿತಿಯನ್ನು ಸುಮಾರು ಒಂದೂವರೆ ವರ್ಷದ ಬಳಿಕ ವಿಚಾರಿಸಿದಾಗ ಅನಿರೀಕ್ಷಿತವಾಗಿ ಕಾಯಿಲೆ ಪತ್ತೆಯಾಗಿದ್ದು 4 ಜನರಲ್ಲಿ. ವೈದ್ಯರ ಅಂದಾಜು ಬಹುಮಟ್ಟಿಗೆ ಸರಿಯಿತ್ತು. ಆದರೆ ಅಂದಾಜು ಸರಿಯಾದ ಮಾತ್ರಕ್ಕೆ ನಡುಕ ನಿಲ್ಲುವುದಿಲ್ಲ, ಕಾಲಿಗೆ ಬಲ ಬರುವುದೂ ಇಲ್ಲ. ರೋಗಿ ‘ಸುಳ್ಳು ಹೇಳ್ತಾನ’ ಎಂದು ಮನೆಮಂದಿ ತಿಳಿಯುವಂತೆ ಅವನನ್ನು ಕಳಿಸಿಕೊಡುವುದು ಚಿಕಿತ್ಸೆಯಲ್ಲ.

ನರವೈದ್ಯಕೀಯದಲ್ಲಿ ಕಾಲವೂ ಒಂದು ಪರೀಕ್ಷೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಪತ್ತೆಗೆ ಬೇರೆ ಬೇರೆ ಜಾಗದಲ್ಲಿ, ಬೇರೆ ಬೇರೆ ಸಮಯದಲ್ಲಿ ಹಾನಿಯಾದ ಕುರುಹು ಹುಡುಕುತ್ತಾರೆ. ಕೆಲವೊಮ್ಮೆ ವೈದ್ಯರು ಕಾಯುವುದು ಅದಕ್ಕೇ. ರೋಗಿಗೆ ಕೇಳಿಸುವುದು ಮಾತ್ರ ‘ಸುಮ್ನ ಹೋಗು’. ನನ್ನ ತಕರಾರು ಕಾಯಿಸುವುದರ ಬಗ್ಗೆ ಅಲ್ಲ, ಬರಿಗೈಯಲ್ಲಿ ಕಾಯಿಸುವುದರ ಬಗ್ಗೆ. ಏನು ಕಂಡಿತು, ಏನಿಲ್ಲವೆಂದು ಖಾತ್ರಿಯಾಯಿತು, ಮತ್ತೆ ಯಾವಾಗ ಬರಬೇಕು ಎಂದು ಕನ್ನಡದಲ್ಲಿ ಬರೆದ ಒಂದು ಹಾಳೆ ಕೊಡಲಿ. ಮುಖ ಒಂದು ಪಕ್ಕ ಸೊಟ್ಟಗಾದರೆ, ಮಾತು ತೊದಲಿದರೆ, ಉಸಿರು ಕಟ್ಟಿದರೆ, ಮೂತ್ರ ನಿಂತರೆ ಆ ಕ್ಷಣವೇ ಆಸ್ಪತ್ರೆಗೆ ಓಡಬೇಕೆಂಬುದೂ ಅದರಲ್ಲಿರಲಿ. ಮುಂದಿನ ಊರಿನ ವೈದ್ಯರು ಮೊದಲಿನಿಂದ ಶುರು ಮಾಡುವುದು ತಪ್ಪುತ್ತದೆ. ಮನೆಯವರು ಮೊಬೈಲಿನಲ್ಲಿ ಹಿಡಿದ ನಡುಕದ ವಿಡಿಯೊ, ಶುರುವಾದ ತಿಂಗಳು, ಯಾವ ಬೆರಳು ಮೊದಲು ಸೋತಿತು ಎಂಬುದೆಲ್ಲ ಆಗ ಉಪಯೋಗಕ್ಕೆ ಬರುತ್ತದೆ.

ಸರ್ಕಾರದ ಯೋಜನೆಗಳು ಹೆಸರಿರುವ ಕಾಯಿಲೆಯನ್ನಷ್ಟೇ ಗುರುತಿಸುತ್ತವೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ, ಆದರೆ ಅದು ಮುಖ್ಯವಾಗಿ ದಾಖಲಾದ ಮೇಲಿನ ಚಿಕಿತ್ಸೆಗೆ. ಹೆಸರು ಹುಡುಕುವ ಹಂತದ ಬಸ್ಸು, ಸ್ಕ್ಯಾನು, ಕಳೆದುಹೋದ ಕೂಲಿ ಮನೆಯವರ ತಲೆಮೇಲೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿದೆ. ಸ್ಥಿತಿ ಬದಲಾಗುವ ಸಾಧ್ಯತೆಯಿದ್ದರೆ ನಿಗದಿತ ಅವಧಿಯ ಪ್ರಮಾಣಪತ್ರ ಕೊಡಲು ನಿಯಮಗಳಲ್ಲಿ ಅವಕಾಶವೂ ಉಂಟು. ಗುಂಡಿ ಹಾಕಿಕೊಳ್ಳಲಾಗದ ಕೈಯನ್ನು ಅಳೆಯಲು ಕಾಯಿಲೆಯ ಹೆಸರು ಯಾಕೆ ಬೇಕು? ಜಿಲ್ಲಾ ವೈದ್ಯಕೀಯ ಮಂಡಳಿ ಆ ಅವಕಾಶವನ್ನು ಹಾವೇರಿಯಲ್ಲೇ ಬಳಸತೊಡಗಿದರೆ, ಬೆಂಗಳೂರಿನ ಸರದಿ ಬರುವವರೆಗಾದರೂ ಆ ಮನೆಗೊಂದು ಆಸರೆ ಸಿಕ್ಕೀತು.