ಕಣ್ಣಿಗೆ ಕಾಣುವ ತೂತು ಸಾಫ್ಟ್‌ವೇರ್‌ಗೆ ಯಾಕೆ ಕಾಣುವುದಿಲ್ಲ?

ಕಂಪ್ಯೂಟರ್ ನಿಯಂತ್ರಿತ ಯಂತ್ರಗಳ, ಅಂದರೆ ಸಿಎನ್‌ಸಿ ಯಂತ್ರಗಳ ಬಗ್ಗೆ ಒಂದು ನಂಬಿಕೆಯಿದೆ. 3ಡಿ ಮಾಡೆಲ್ ಒಂದಿದ್ದರೆ ಸಾಕು, ಬಟನ್ ಒತ್ತಿದರೆ ಯಂತ್ರ ತಾನಾಗಿಯೇ ಅದನ್ನು ಲೋಹದಲ್ಲಿ ಕೊರೆದು ಕೊಡುತ್ತದೆ ಎಂದು. ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಬೇರೆಯವರ ಫೈಲ್ ಹಿಡಿದು ಕೆಲಸ ಮಾಡುವ ಸಣ್ಣ ವರ್ಕ್‌ಶಾಪಿನವರು ಇದನ್ನು ಒಪ್ಪಲಾರರು. ಗ್ರಾಹಕರು ಕಳಿಸಿದ ಮಾಡೆಲ್ ತೆರೆದಾಗ ಪರದೆಯ ಮೇಲೆ ಹನ್ನೆರಡು ತೂತುಗಳು ಚೆನ್ನಾಗಿಯೇ ಕಾಣುತ್ತವೆ ಎನ್ನಿ. ತೂತುಗಳನ್ನು ಹುಡುಕು ಎಂದರೆ ಕ್ಯಾಮ್ ಸಾಫ್ಟ್‌ವೇರ್ ಏಳನ್ನು ಮಾತ್ರ ತೋರಿಸುತ್ತದೆ. ಉಳಿದ ಐದು ಎಲ್ಲಿ ಹೋದವು?

ಇದು ಬರೀ ಕಿರಿಕಿರಿಯ ವಿಷಯವಲ್ಲ. ಎಷ್ಟೋ ಕೆಲಸಗಳಲ್ಲಿ ಗಂಟೆಗಟ್ಟಲೆ ಮಿಲ್ಲಿಂಗ್ ಆದ ಮೇಲೆ ಡ್ರಿಲ್ಲಿಂಗ್ ಬರುತ್ತದೆ. ಅಷ್ಟು ಹೊತ್ತಿಗೆ ಲೋಹದ ಬೆಲೆ, ಯಂತ್ರದ ಸಮಯ ಎರಡೂ ಖರ್ಚಾಗಿರುತ್ತವೆ. ಆಗ ಒಂದು ತೂತು 3 ಮಿಲಿಮೀಟರ್ ಆಳ ಹೆಚ್ಚಾದರೆ ಇಡೀ ತುಂಡು ಗುಜರಿಗೆ.

ಅಡುಗೆ ಬಂತು, ವಿಧಾನ ಬರಲಿಲ್ಲ

ವಿನ್ಯಾಸಕಾರರು ಕ್ಯಾಡ್‌ನಲ್ಲಿ ಮಾಡೆಲ್ ಮಾಡುವಾಗ "ಇಲ್ಲಿ 8 ಮಿ.ಮೀ. ತೂತು, 20 ಮಿ.ಮೀ. ಆಳ" ಎಂದೇ ಹೇಳಿರುತ್ತಾರೆ. ಆ ಸಾಫ್ಟ್‌ವೇರ್‌ನ ಒಳಗೆ ಅದು ತೂತು ಎಂದೇ ದಾಖಲಾಗಿರುತ್ತದೆ. ಬೇರೆ ಸಾಫ್ಟ್‌ವೇರ್‌ಗೆ ಕಳಿಸಲು ಐಜಿಇಎಸ್ ಅಥವಾ ಸ್ಟೆಪ್ ಫೈಲ್ ಮಾಡಿದಾಗ ಈ ದಾಖಲೆ ಸಾಮಾನ್ಯವಾಗಿ ಹಿಂದೆಯೇ ಉಳಿದು, ಕೊನೆಯ ಆಕಾರ ಮಾತ್ರ ಹೋಗುತ್ತದೆ. ಮಾಡುವ ವಿಧಾನ ಬಿಟ್ಟು ಬಿಸಿಬೇಳೆ ಬಾತನ್ನಷ್ಟೇ ಡಬ್ಬಿಗೆ ಹಾಕಿ ಕೊಟ್ಟ ಹಾಗೆ.

ಐಜಿಇಎಸ್ 1980ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪದ್ಧತಿ. ಅದರಲ್ಲಿ ಮಾಡೆಲ್ ಹೆಚ್ಚಾಗಿ ಬಿಡಿಬಿಡಿ ಮೇಲ್ಮೈಗಳಾಗಿ ಬರುತ್ತದೆ. ಕಾಗದದ ತುಂಡುಗಳನ್ನು ಅಂಟಿಸದೆ ಪಕ್ಕಪಕ್ಕ ಇಟ್ಟು ಪೆಟ್ಟಿಗೆಯಂತೆ ನಿಲ್ಲಿಸಿದ ಹಾಗೆ. ಒಳಗೆ ಲೋಹವಿದೆಯೋ ಗಾಳಿಯಿದೆಯೋ ಅದಕ್ಕೆ ಗೊತ್ತಿಲ್ಲ. ಐಎಸ್‌ಒ 10303 ಎಂಬ ಹೆಸರಿನಲ್ಲಿ 1994ರಲ್ಲಿ ಬಂದ ಸ್ಟೆಪ್ ಸಾಮಾನ್ಯವಾಗಿ ಘನ ಆಕಾರವನ್ನೇ ಹೊತ್ತು ತರುತ್ತದೆ, ಹಾಗಾಗಿ ತೊಂದರೆ ಕಡಿಮೆ.

ಬಿಡಿ ಮೇಲ್ಮೈಗಳಲ್ಲಿ ತೂತು ಎಂದರೆ ಅದರ ಗೋಡೆ ಅಷ್ಟೆ. ಆ ಗೋಡೆ ಎರಡು ಅರ್ಧ ಸಿಲಿಂಡರ್‌ಗಳಾಗಿ ಸೀಳಿ ಬಂದಿರಬಹುದು. ಆಗ ಕೆಲವು ಸಾಫ್ಟ್‌ವೇರ್‌ಗಳಿಗೆ ಕಾಣುವುದು ತೂತಲ್ಲ, ಎರಡು ಬಾಗಿದ ಗೋಡೆಗಳು. ಗೋಡೆಯ ಒಳಮುಖ ಹೊರಮುಖ ಅದಲುಬದಲಾಗಿದ್ದರೆ ತೂತಿನ ಜಾಗದಲ್ಲಿ ಗೂಟ ಇದೆ ಎಂದು ಅದು ತಿಳಿಯುತ್ತದೆ. ಹೆಚ್ಚಿನ ಸಾಫ್ಟ್‌ವೇರ್‌ಗಳು ಹಿಂಬದಿಯನ್ನು ಬೇರೆ ಬಣ್ಣದಲ್ಲಿ ತೋರಿಸಬಲ್ಲವು, ಆದ್ದರಿಂದ ಇದನ್ನು ಹಿಡಿಯುವುದು ಸುಲಭ.

ಕಣ್ಣಿಗೆ ಕಾಣದ ದೋಷವೇ ಹೆಚ್ಚು ಕಾಡುತ್ತದೆ. ಸಿಲಿಂಡರ್ ಎಂದು ಬರೆದಿದ್ದರೆ ಅದಕ್ಕೆ ಅಕ್ಷ, ತ್ರಿಜ್ಯ ಎರಡೂ ಇರುತ್ತವೆ. ಆದರೆ ಫೈಲ್ ಬದಲಾಯಿಸುವಾಗ ಅದು ಸ್ಪ್ಲೈನ್ ಮೇಲ್ಮೈ, ಅಂದರೆ ಕೆಲವು ನಿಯಂತ್ರಣ ಬಿಂದುಗಳಿಂದ ಎಳೆದ ವಕ್ರಮೇಲ್ಮೈ ಆಗಿಬಿಡಬಹುದು. ಆಕಾರ ಅದೇ, ಹಣೆಪಟ್ಟಿ ಮಾತ್ರ ಇಲ್ಲ. ತ್ರಿಜ್ಯ ಅಳೆಯಲು ಹೋದಾಗ ಸಾಫ್ಟ್‌ವೇರ್ ಉತ್ತರ ಕೊಡದಿದ್ದರೆ ಇದೇ ಕಾರಣ ಎಂದು ಅನುಮಾನಿಸಬಹುದು. ಫೈಲ್ ತೆರೆಯುವಾಗಲೇ ಇಂಥ ಮೇಲ್ಮೈಗಳನ್ನು ಸರಳ ಆಕಾರಗಳಿಗೆ ಮರಳಿಸುವ ಆಯ್ಕೆ ಹಲವು ಸಾಫ್ಟ್‌ವೇರ್‌ಗಳಲ್ಲಿದೆ.

ಆಳ ಎಲ್ಲಿಂದ ಶುರು?

ತೂತು ಸಿಕ್ಕಿತು ಎಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ತೂತಿನ ಮೇಲ್ತುದಿ ಎಲ್ಲಿದೆ ಎಂಬ ಪ್ರಶ್ನೆ ನಮ್ಮ ಪ್ರಕಾರ ಎಲ್ಲಕ್ಕಿಂತ ಅಪಾಯಕಾರಿ. 30 ಡಿಗ್ರಿ ಇಳಿಜಾರಿನ ಮೇಲೆ, ನೆಟ್ಟಗೆ ಕೆಳಕ್ಕೆ, 10 ಮಿ.ಮೀ. ತೂತು ಕೊರೆಯಬೇಕು. ತೂತಿನ ಒಂದು ಅಂಚಿಗಿಂತ ಎದುರಿನ ಅಂಚು ಸುಮಾರು 5.8 ಮಿ.ಮೀ. ಎತ್ತರದಲ್ಲಿರುತ್ತದೆ. ಸಾಫ್ಟ್‌ವೇರ್ ತಗ್ಗಿನ ಅಂಚನ್ನೇ ಆರಂಭ ಎಂದುಕೊಂಡು, ಅದಕ್ಕಿಂತ 2 ಮಿ.ಮೀ. ಮೇಲಿನವರೆಗೂ ಡ್ರಿಲ್ಲನ್ನು ಪೂರ್ತಿ ವೇಗದಲ್ಲಿ ಇಳಿಸಿದರೆ? ಎತ್ತರದ ಅಂಚಿನ ಲೋಹಕ್ಕೆ ಡ್ರಿಲ್ ಹೋಗಿ ಗುದ್ದುತ್ತದೆ. ವೇಗದ ಚಲನೆ ಎಲ್ಲಿ ನಿಲ್ಲುತ್ತದೆ ಎಂಬ ಎತ್ತರವನ್ನು ಇಂಥ ಕಡೆ ಕೈಯಾರೆ ನೋಡಲೇಬೇಕು. ಎತ್ತರ ಸರಿಯಿದ್ದರೂ ಇಳಿಜಾರಿನ ಮೇಲೆ ಡ್ರಿಲ್ ಜಾರುತ್ತದೆ, ಮೊದಲು ಎಂಡ್ ಮಿಲ್‌ನಿಂದ ಚಪ್ಪಟೆ ಜಾಗ ಮಾಡಿಕೊಳ್ಳುವುದು ವಾಸಿ.

ಕೆಳತುದಿಯಲ್ಲೂ ಇಂಥದ್ದೇ ಎಡವಟ್ಟು. ಸಾಮಾನ್ಯ ಡ್ರಿಲ್ಲಿನ ತುದಿ 118 ಡಿಗ್ರಿಯ ಶಂಕು. ಅದರ ಉದ್ದ ವ್ಯಾಸದ ಸುಮಾರು 0.3 ಪಟ್ಟು, ಅಂದರೆ 10 ಮಿ.ಮೀ. ಡ್ರಿಲ್ಲಿಗೆ 3 ಮಿ.ಮೀ. ಮಾಡೆಲ್‌ನಲ್ಲಿ ಈ ಶಂಕು ಮೊದಲೇ ಇದ್ದು, ಸಾಫ್ಟ್‌ವೇರ್ ಅದರ ಮೊನೆಯವರೆಗೂ ಅಳೆದು, ಮೇಲೆ ಮತ್ತೆ ತುದಿಯ ಉದ್ದ ಸೇರಿಸಿದರೆ ಆ ಹೆಚ್ಚುವರಿ 3 ಮಿ.ಮೀ. ಬರುತ್ತದೆ. ತೆಳು ಗೋಡೆಯಾದರೆ ಆಚೆ ಬದಿಗೆ ಡ್ರಿಲ್ ತೂರಿ ಬರುತ್ತದೆ.

ಥ್ರೆಡ್ ಇರುವ ತೂತಿನ ವಿಷಯದಲ್ಲಿ ಮಾಡೆಲ್‌ನ ವ್ಯಾಸವನ್ನು ನಂಬುವ ಹಾಗೇ ಇಲ್ಲ. ಎಂ8 ಬೋಲ್ಟಿನ ಮಾಮೂಲಿ 1.25 ಪಿಚ್ ಥ್ರೆಡ್‌ಗೆ 6.8 ಮಿ.ಮೀ. ಡ್ರಿಲ್ ಬೇಕು. ಮಾಡೆಲ್‌ನಲ್ಲಿ ಮಾತ್ರ ಒಬ್ಬರು 8 ಎಂದು ಮಾಡಿರುತ್ತಾರೆ, ಇನ್ನೊಬ್ಬರು 6.8, ಮತ್ತೊಬ್ಬರು 6.647. ಕಂಡ ಹಾಗೆ 8ರಲ್ಲಿ ಕೊರೆದರೆ ಟ್ಯಾಪ್ ಹಾಕಲು ಲೋಹವೇ ಉಳಿಯುವುದಿಲ್ಲ.

ಎಸ್‌ಟಿಎಲ್ ಫೈಲ್ ಕಳಿಸುವವರೂ ಇದ್ದಾರೆ. 3ಡಿ ಪ್ರಿಂಟಿಂಗ್‌ಗೆ ಅದು ಸರಿ. ಆದರೆ ಅದರಲ್ಲಿರುವುದೆಲ್ಲ ತ್ರಿಕೋನಗಳು, ವೃತ್ತ ಎಂಬುದೇ ಇಲ್ಲ. 10 ಮಿ.ಮೀ. ತೂತು 36 ಬದಿಯ ಬಹುಭುಜವಾಗಿ ಬಂದರೆ ಎದುರುಬದುರು ಬದಿಗಳ ನಡುವೆ 9.962 ಮಿ.ಮೀ. ಇರುತ್ತದೆ. ಎಚ್7 ಎಂಬ ಅಳತೆಯ ಮಿತಿಯಲ್ಲಿ 10ರ ತೂತು 10.000ರಿಂದ 10.015ರ ಒಳಗಿರಬೇಕು. ಡ್ರಿಲ್ ತನ್ನ ವ್ಯಾಸದಲ್ಲೇ ಕೊರೆಯುವುದರಿಂದ ಕೇಂದ್ರ ಸಿಕ್ಕರೆ ಸಾಕು, ಮಿಲ್ಲಿಂಗ್ ಮಾಡಿ ತೂತು ತೆಗೆಯುವವರಿಗೆ ಇದು ನೇರ ಪೆಟ್ಟು. ಈ ಫೈಲಿನಲ್ಲಿ ಇಂಚೋ ಮಿಲಿಮೀಟರೋ ಎಂಬುದೂ ಇರುವುದಿಲ್ಲ.

ಎಲ್ಲಿ ಸರಿಮಾಡಬೇಕು?

ಟೂಲ್‌ಪಾತ್ ತಪ್ಪಾದಾಗ ಟೂಲ್‌ಪಾತನ್ನೇ ಎಳೆದಾಡುವುದು ಸಹಜ. ಅದರಿಂದ ಲಾಭ ಕಡಿಮೆ. ವಿನ್ಯಾಸ ಸ್ವಲ್ಪ ಬದಲಾಗಿ ಹೊಸ ಫೈಲ್ ಬಂದರೆ ಮತ್ತೆ ಮೊದಲಿನಿಂದ ಎಳೆಯಬೇಕು. ಮೇಲ್ಮೈಗಳನ್ನು ಹೊಲಿದು ಘನ ಮಾಡಿಕೊಂಡು, ಮುಖಗಳ ದಿಕ್ಕು ಸರಿಪಡಿಸಿ, ಆಮೇಲೆ ತೂತು ಹುಡುಕಿಸುವುದು ಮೇಲು. ಹೊಲಿಯುವಾಗ ಸಂದುಗಳು ಮುಚ್ಚಲಿಲ್ಲವೆಂದು ಸಹನಾಮಿತಿಯನ್ನು 0.01ರಿಂದ 0.1 ಮಿ.ಮೀ.ಗೆ ಏರಿಸುವ ಮುನ್ನ ಯೋಚಿಸಿ, ಅಷ್ಟು ಚಿಕ್ಕ ಅಂಚುಗಳೂ ಅದರ ಜೊತೆ ಮಾಯವಾಗಬಹುದು. ಇರುವುದೇ ನಾಲ್ಕು ತೂತಾದರೆ ಇಷ್ಟೆಲ್ಲ ಬೇಡ. ಅಂಚಿನ ವೃತ್ತದ ಕೇಂದ್ರದಲ್ಲಿ ಬಿಂದು ಇಟ್ಟು, ಆಳವನ್ನು ಕೈಯಾರೆ ಬರೆದರೆ ಬೇಗ ಮುಗಿಯುತ್ತದೆ.

ಪರದೆಯ ಮೇಲಿನ ಸಿಮ್ಯುಲೇಶನ್ ಎಲ್ಲ ಸರಿಯಿದೆ ಎಂದರೂ ಎಂ8 ತೂತನ್ನು ಅದು ಕಾಯುವುದಿಲ್ಲ. ಅದು ಹೋಲಿಸುವುದು ಇದೇ ಮಾಡೆಲ್‌ನ ಜೊತೆ. ಆದ್ದರಿಂದ ಗ್ರಾಹಕರಿಂದ ಸ್ಟೆಪ್ ಫೈಲಿನ ಜೊತೆಗೆ ತೂತುಗಳ ಪಟ್ಟಿಯಿರುವ ಡ್ರಾಯಿಂಗನ್ನೂ ಕೇಳಿ ಪಡೆಯಿರಿ. ಯಂತ್ರದ ಮೇಲೆ ಮೊದಲು ಸೆಂಟರ್ ಡ್ರಿಲ್‌ನಿಂದ ಎಲ್ಲ ಜಾಗದಲ್ಲೂ ಚಿಕ್ಕ ಗುರುತು ಹಾಕಿಸಿ, ಎಣಿಸಿ, ವರ್ನಿಯರ್ ಹಿಡಿದು ಡ್ರಾಯಿಂಗಿನ ಜೊತೆ ತಾಳೆ ನೋಡಿ. ಹನ್ನೆರಡರ ಬದಲು ಏಳೇ ಗುರುತು ಬಿದ್ದಿದ್ದರೆ ಅಲ್ಲೇ ಗೊತ್ತಾಗುತ್ತದೆ.