ಶ್ರಾವಕನ ಮೌನವೂ ಅನುಮೋದನೆಯೇ

ದ್ವಾರಕಾದಹನದ ವೃತ್ತಾಂತವನ್ನು ಕೇಳದ ಜೈನ ಮನೆತನವಿರಲಾರದು. ಮದ್ಯದ ದೆಸೆಯಿಂದಲೂ ದ್ವೈಪಾಯನನ ಕೋಪದಿಂದಲೂ ಹನ್ನೆರಡು ವರ್ಷಗಳಲ್ಲಿ ಈ ನಗರವು ನಾಶವಾಗುವುದೆಂದು ನೇಮಿನಾಥ ತೀರ್ಥಂಕರರು ನುಡಿದಾಗ ಶ್ರೀಕೃಷ್ಣನು ಕೈಕಟ್ಟಿ ಕೂರಲಿಲ್ಲ. ಮದ್ಯಪಾನವನ್ನು ನಿಷೇಧಿಸಿದನು, ಇದ್ದ ಮದ್ಯವನ್ನೆಲ್ಲ ಊರ ಹೊರಗಿನ ಕದಂಬವನದಲ್ಲಿ ಚೆಲ್ಲಿಸಿದನು. ನಗರವೇನೋ ಶುದ್ಧವಾಯಿತು. ಆದರೆ ವನಕ್ರೀಡೆಗೆ ಹೋದ ಯದುಕುಮಾರರು ಬಾಯಾರಿ ಅಲ್ಲಿನ ಹೊಂಡಗಳಲ್ಲಿ ನಿಂತಿದ್ದುದನ್ನೇ ಕುಡಿದರು, ಮತ್ತೇರಿ ತಪಸ್ವಿಯನ್ನು ಕಲ್ಲುಗಳಿಂದ ಹೊಡೆದರು, ದ್ವಾರಕೆ ಉರಿದುಹೋಯಿತು. ಜಿನಸೇನಾಚಾರ್ಯರ ಹರಿವಂಶಪುರಾಣದಲ್ಲಿ ಬರುವ ಈ ಪ್ರಸಂಗದಲ್ಲಿ ಕುಡಿದವರು ಪರಸ್ಥಳದವರಲ್ಲ. ಶುದ್ಧವಾಯಿತೆಂದು ನಂಬಿದ್ದ ಅವೇ ಮನೆಗಳ ಕುಮಾರರು.

ಇಂದಿನ ಗ್ರಾಮೀಣ ಜೈನ ಸಮಾಜವು ಮಾಡುತ್ತಿರುವುದೂ ಇಷ್ಟನ್ನೇ. ಬೆಳಗಾವಿ, ಬಾಗಲಕೋಟೆ ಸೀಮೆಯ ಒಕ್ಕಲುತನದ ಮನೆಯಾಗಲಿ, ಕರಾವಳಿಯ ಹಳೆಯ ಬೀಡಾಗಲಿ, ಹೊಸ್ತಿಲೊಳಗೆ ಮದ್ಯಕ್ಕೆ ಪ್ರವೇಶವಿಲ್ಲ. ಅಷ್ಟಮೂಲಗುಣಗಳಲ್ಲಿ ಮದ್ಯತ್ಯಾಗವೇ ಮೊದಲನೆಯದೆಂದು ಪಾಠಶಾಲೆಯ ಮಗುವೂ ಹೇಳೀತು. ಆದರೆ ಬಸದಿಯ ಬೀದಿಯನ್ನು ದಾಟಿದೊಡನೆ ಕದಂಬವನ! 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷಿದ್ಧವಾಯಿತು. ಅದರ ಜಾಗಕ್ಕೆ ಅಗ್ಗದ ಮದ್ಯದ ಪೊಟ್ಟಣ ಬಂದಿತು. ಎಷ್ಟೋ ಹಳ್ಳಿಗಳಲ್ಲಿ ಅದು ಪರವಾನಗಿಯೇ ಇಲ್ಲದೆ ಕಿರಾಣಿ ಅಂಗಡಿಯ ಚೀಲಗಳ ಹಿಂದೆ, ಚಹಾದಂಗಡಿಯ ಮರೆಯಲ್ಲಿ ಬಿಕರಿಯಾಗುತ್ತದೆ. ಕದ್ದು ಮಾರುವವನು ಯಾರ ವಯಸ್ಸನ್ನೂ ಕೇಳುವುದಿಲ್ಲ. ಪ್ರೌಢಶಾಲೆಯ ಹುಡುಗನು ಮೊದಲು ಹಿರಿಯರಿಗಾಗಿ ಪೊಟ್ಟಣ ತರಲು ಹೋಗುತ್ತಾನೆ. ಮದುವೆಯ ಮೆರವಣಿಗೆಯಲ್ಲಿ, ಚುನಾವಣೆಯ ರಾತ್ರಿಯಲ್ಲಿ ಪುಕ್ಕಟೆಯಾಗಿ ರುಚಿ ನೋಡುತ್ತಾನೆ. ಕಬ್ಬಿನ ಹಂಗಾಮಿನ ಕೂಲಿ ಕೈಗೆ ಬಂದೊಡನೆ ತಾನೇ ಗಿರಾಕಿಯಾಗುತ್ತಾನೆ.

ಇದನ್ನು ಕಂಡೂ ಕಾಣದಂತಿರಲು ಸಮಾಜವು ಮೂರು ನೆಪಗಳನ್ನು ಇಟ್ಟುಕೊಂಡಿದೆ.

‘ಆ ಹುಡುಗರು ನಮ್ಮವರಲ್ಲ’ ಎಂಬುದು ಮೊದಲನೆಯದು. ಸೂಕ್ಷ್ಮವಾದ ತ್ರಸಜೀವಿಗೂ ನೋವಾಗದಿರಲೆಂದು ನೀರನ್ನು ಸೋಸಿ ಕುಡಿಯುವ ಧರ್ಮದಲ್ಲಿ, ನೆರೆಮನೆಯ ಹದಿನೈದರ ಬಾಲಕನ ವಿಷಯದಲ್ಲಿ ಮಾತ್ರ ಅನುಕಂಪವು ಜಾತಿಯನ್ನು ಕೇಳುವುದಾದರೆ ಅದನ್ನು ಅಹಿಂಸೆಯೆಂದು ಕರೆಯಲಾಗದು. ಅಲ್ಲದೆ ಒಂದೇ ಶಾಲೆ, ಒಂದೇ ಬಸ್ಸು, ಒಂದೇ ಆಟದ ಬಯಲನ್ನು ಹಂಚಿಕೊಳ್ಳುವ ಮಕ್ಕಳಲ್ಲಿ ‘ನಮ್ಮವರು’, ‘ಅವರು’ ಎಂಬ ಗೋಡೆ ಎಷ್ಟು ದಿನ ನಿಂತೀತು?

‘ಮಳಿಗೆ ಮಾತ್ರ ನಮ್ಮದು, ವ್ಯಾಪಾರ ಬೇರೆಯವರದು’ ಎಂಬುದು ಎರಡನೆಯದು. ಜಪಮಾಲೆಯಲ್ಲಿ 108 ಮಣಿಗಳೇಕೆ? ಸಂರಂಭ, ಸಮಾರಂಭ, ಆರಂಭಗಳೆಂಬ ಮೂರನ್ನು ಮನ, ವಚನ, ಕಾಯಗಳಿಂದಲೂ, ಆ ಒಂಬತ್ತನ್ನು ಕೃತ, ಕಾರಿತ, ಅನುಮೋದನೆಗಳಿಂದಲೂ, ಆ ಇಪ್ಪತ್ತೇಳನ್ನು ನಾಲ್ಕು ಕಷಾಯಗಳಿಂದಲೂ ಗುಣಿಸಿದರೆ ಬರುವ ಆಸ್ರವದ್ವಾರಗಳ ಲೆಕ್ಕವದು. ತಾನು ಕುಡಿಯದವನು, ತಾನು ಮಾರದವನು ಕೃತವೊಂದರಿಂದ ಪಾರಾದನು. ಮದ್ಯದಂಗಡಿಗೆ ಜಾಗವನ್ನು ಬಾಡಿಗೆಗೆ ಕೊಟ್ಟವನು ಕಾರಿತದಲ್ಲಿದ್ದಾನೆ. ಕಂಡು ಸುಮ್ಮನಿದ್ದವನು ಅನುಮೋದನೆಯಲ್ಲಿದ್ದಾನೆ. ಶ್ರಾವಕಾಚಾರಗಳು ವರ್ಜ್ಯವೆಂದ ಹದಿನೈದು ಖರಕರ್ಮಗಳಲ್ಲಿ ರಸವಾಣಿಜ್ಯವೂ ಸೇರಿದೆ. ಆ ವಾಣಿಜ್ಯದ ಹಣವು ಕಲಶದ ಸವಾಲಿನಲ್ಲಿ ಎಲ್ಲರಿಗಿಂತ ಮೇಲೆ ನಿಂತಾಗ ಅದರ ಮೂಲವನ್ನು ಕೇಳದ ಟ್ರಸ್ಟಿನವರು ಯಾವ ಮಣಿಯನ್ನು ಎಣಿಸುತ್ತಿರುತ್ತಾರೆ?

ಮೂರನೆಯದು ಮನೆತನದ ಮರ್ಯಾದೆ. ಮಗನ ಬಾಯಿಯ ವಾಸನೆ ತಾಯಿಗೆ ಗೊತ್ತು, ತಂದೆಗೂ ಗೊತ್ತು. ಹೊರಗೆ ಬಂದರೆ ಸಂಬಂಧ ಕೂಡದೆಂಬ ಭಯ. ಇದಕ್ಕೆ ‘ಉಪಗೂಹನ’ವೆಂಬ ಸುಂದರವಾದ ಹೆಸರನ್ನೂ ಕೊಡುವುದುಂಟು. ಆದರೆ ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನದ ಬೆನ್ನಿಗೇ ಸ್ಥಿತಿಕರಣವನ್ನು ಹೇಳಿದೆ. ಮನಸ್ಸು ಮನೆಯ ಕಡೆಗೆ ತಿರುಗಿದ ಜೊತೆಯ ಮುನಿಯನ್ನು ವಾರಿಷೇಣನು ಮುಚ್ಚಿಡಲಿಲ್ಲ, ಮರಳಿ ಮಾರ್ಗದಲ್ಲಿ ನಿಲ್ಲಿಸಿದನು. ಜಾರಿದವನನ್ನು ಎತ್ತದೆ ಜಾರಿದ್ದನ್ನು ಮಾತ್ರ ಮುಚ್ಚುವುದು ಉಪಗೂಹನವಲ್ಲ, ವಂಚನೆ.

ಕಾನೂನು ಇಲ್ಲವೆಂದು ಹೇಳುವಂತಿಲ್ಲ. ಕರ್ನಾಟಕದ ಅಬಕಾರಿ ನಿಯಮಗಳಂತೆ 21 ವರ್ಷ ತುಂಬದವರಿಗೆ ಮದ್ಯವನ್ನು ಮಾರಕೂಡದು. 2023ರ ಜನವರಿಯಲ್ಲಿ ಈ ವಯೋಮಿತಿಯನ್ನು 18ಕ್ಕೆ ಇಳಿಸುವ ಕರಡು ಹೊರಬಿದ್ದಾಗ ಜನರು ಆಕ್ಷೇಪಿಸಿದರು. ಸರ್ಕಾರವು ಅದನ್ನು ಹಿಂತೆಗೆದುಕೊಂಡಿತು. 2015ರ ಬಾಲನ್ಯಾಯ ಕಾಯ್ದೆಯ 77ನೆಯ ಕಲಮಿನಂತೆ, ವೈದ್ಯರ ಆದೇಶವಿಲ್ಲದೆ 18ರೊಳಗಿನವರಿಗೆ ಮದ್ಯವನ್ನು ಕೊಟ್ಟವನಿಗೆ 7 ವರ್ಷಗಳವರೆಗೆ ಕಠಿಣ ಸಜೆ ಮತ್ತು 1 ಲಕ್ಷ ರೂಪಾಯಿಯವರೆಗೆ ದಂಡವಿದೆ. ಮದ್ಯವನ್ನು ಮಾರಲು, ಸಾಗಿಸಲು ಮಗುವನ್ನು ಬಳಸಿದವನಿಗೆ 78ನೆಯ ಕಲಮು ಅಷ್ಟೇ ಶಿಕ್ಷೆಯನ್ನು ವಿಧಿಸುತ್ತದೆ. ಧಾರ್ಮಿಕ ಸಂಸ್ಥೆಯಿಂದ, ಶಾಲೆಯಿಂದ 100 ಮೀಟರಿನೊಳಗೆ ಮದ್ಯದಂಗಡಿಗೆ ಪರವಾನಗಿ ಕೊಡಬಾರದೆಂಬ ನಿಯಮವೂ ಇದೆ. ಇಲ್ಲದಿರುವುದು ಕಾನೂನಲ್ಲ, ಬಸದಿಯ ಮುದ್ರೆಯೊತ್ತಿದ ಒಂದು ದೂರಿನ ಅರ್ಜಿ.

ಧೈರ್ಯಕ್ಕೆ ನಿದರ್ಶನಗಳ ಕೊರತೆಯೂ ಇಲ್ಲ. 2019ರ ಜನವರಿಯಲ್ಲಿ ಮದ್ಯನಿಷೇಧವನ್ನು ಬೇಡಿ ಹಳ್ಳಿಗಳ ಬಡ ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಕಾಲ್ನಡಿಗೆಯಲ್ಲಿ ಬಂದರು. ಅವರಲ್ಲಿ ಬಹುಮಂದಿಗೆ ಮೂಲಗುಣಗಳ ಹೆಸರೂ ತಿಳಿದಿರಲಾರದು. ನಡೆದವರು ಮಾತ್ರ ಅವರೇ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಗಳ ಮದ್ಯವರ್ಜನ ಶಿಬಿರಗಳು ಊರೂರುಗಳಲ್ಲಿ ನಡೆದು ಎಷ್ಟೋ ಸಂಸಾರಗಳನ್ನು ಉಳಿಸಿವೆ. ಆದರೆ ಶಿಬಿರವಿರುವುದು ವ್ಯಸನಕ್ಕೆ ಬಿದ್ದವನಿಗಾಗಿ. ಇನ್ನೂ ಬೀಳದ ಹುಡುಗನನ್ನು ಕಾಯುವ ಹೊಣೆ ಆಯಾ ಊರಿನದು.

ಬಸದಿಯ ಟ್ರಸ್ಟುಗಳು ಮಾಡಬೇಕಾದುದು ಅಸಾಧ್ಯವಾದುದಲ್ಲ. ಟ್ರಸ್ಟಿನ ಆಸ್ತಿಯಲ್ಲಾಗಲಿ ಟ್ರಸ್ಟಿಗಳ ಸ್ವಂತ ಕಟ್ಟಡದಲ್ಲಾಗಲಿ ಮದ್ಯದಂಗಡಿ ಇರಕೂಡದು. ಇದ್ದರೆ ಕರಾರು ಮುಗಿದೊಡನೆ ತೆರವಾಗಬೇಕು, ಒಪ್ಪದ ಟ್ರಸ್ಟಿ ಸ್ಥಾನವನ್ನು ಬಿಡಬೇಕು. ಮದ್ಯದ ಹಣಕ್ಕೆ ಸವಾಲಿನಲ್ಲಿ ಜಾಗವಿರಬಾರದು. ಪಂಚಕಲ್ಯಾಣದ ಮೆರವಣಿಗೆಗೆ ಬರುವ ವಾದ್ಯದವರ, ಕೂಲಿಯವರ ಕರಾರಿನಲ್ಲಿ ಕುಡಿತವಿಲ್ಲ, ಬಾಲಕರ ದುಡಿಮೆಯಿಲ್ಲ ಎಂಬ ಮಾತು ಬರಹದಲ್ಲಿರಬೇಕು. ಸ್ತ್ರೀಶಕ್ತಿ ಸಂಘಗಳ ಹೆಂಗಸರು ಗ್ರಾಮಸಭೆಯಲ್ಲಿ ಕಳ್ಳಮಾರಾಟದ ವಿರುದ್ಧ ಎದ್ದುನಿಂತ ದಿನ ಬಸದಿಯ ಅಧ್ಯಕ್ಷರೂ ಅವರ ಪಕ್ಕದಲ್ಲಿ ನಿಂತಿರಬೇಕು. ಮದುವೆಗಳಿಲ್ಲದ ದಿನಗಳಲ್ಲಿ ಬೀಗ ಹಾಕಿರುವ ಸಭಾಭವನವು ಪ್ರತಿ ಸಂಜೆ ಊರಿನ ಎಲ್ಲ ಜಾತಿಯ ಮಕ್ಕಳ ಓದಿಗೂ ಆಟಕ್ಕೂ ತೆರೆದಿರಬೇಕು. ದೀಪವಿರುವ ಜಾಗವೊಂದು ಊರಲ್ಲಿ ಇಲ್ಲವಾದರೆ ಹುಡುಗರು ಕತ್ತಲೆಯ ಜಾಗವನ್ನೇ ಹುಡುಕುತ್ತಾರೆ.

ಬಾಡಿಗೆ ಕಡಿಮೆಯಾದೀತು, ಕೆಲವರ ಸ್ನೇಹ ಕೆಟ್ಟೀತು, ಮುಂದಿನ ಉತ್ಸವದ ಸವಾಲು ಇಳಿದೀತು. ಇಷ್ಟು ನಷ್ಟವನ್ನು ತಾಳಲಾರದ ಸಮಾಜವು ಅಮೃತಶಿಲೆಯ ಹೊಸ ಮಾನಸ್ತಂಭವನ್ನು ಎತ್ತಿದರೂ ಧರ್ಮಪ್ರಭಾವನೆಯಾಗದು. ಶ್ರೀಕೃಷ್ಣನು ಮದ್ಯವನ್ನು ಊರಿನಿಂದ ಹೊರಗೆ ಹಾಕಿಸಿದ್ದನು. ಊರಿನ ಮಕ್ಕಳು ಎಲ್ಲಿ ಆಡುತ್ತಾರೆಂಬುದನ್ನು ಮಾತ್ರ ಯಾರೂ ನೋಡಿರಲಿಲ್ಲ.